ಗೇಟಿನ ಒಳಗೆ ಶುಲ್ಕ, ಗೇಟಿನ ಹೊರಗೆ ದಂಡ: ಸೂಪರ್‌ಮಾರ್ಕೆಟ್ ಪಾರ್ಕಿಂಗಿನ ಲೆಕ್ಕಾಚಾರ

ಭಾನುವಾರ ಸಂಜೆ ಮೈಸೂರಿನ ಒಂದು ಮಾಲ್‌ನ ಬೇಸ್‌ಮೆಂಟ್. ಕೈಯಲ್ಲಿರುವ ಚೀಟಿಯ ಪ್ರಕಾರ ಕಾರು ಒಳಗೆ ಬಂದದ್ದು 6:12ಕ್ಕೆ. ದಿನಸಿಯ ಬಿಲ್ಲಿನ ಮೇಲೆ 7:48 ಎಂದಿದೆ. ಟ್ರಾಲಿ ತಳ್ಳಿಕೊಂಡು ಲಿಫ್ಟಿಗೆ ಕಾದು, ಸಾಮಾನನ್ನು ಡಿಕ್ಕಿಗೆ ತುಂಬಿ, ರ‍್ಯಾಂಪಿನ ಸಾಲಿನಲ್ಲಿ ಮೊದಲನೇ ಗೇರಿನಲ್ಲಿ ತೆವಳಿ ಗೇಟು ತಲುಪುವಾಗ ಮಿಷನ್ ತೋರಿಸಿದ ಸಮಯ 8:15. ಎರಡು ಗಂಟೆಯ ಮೇಲೆ ಮೂರು ನಿಮಿಷ.

“ಮೂರ್ ನಿಮ್ಷ ಆದ್ರೂ ಮೂರ್ನೇ ಗಂಟೆ ಲೆಕ್ಕನೇ ಸಾರ್, ಮಿಷಿನ್ ತಗೊಳಲ್ಲ.”

“ಸಾಲಲ್ಲಿ ನಿಂತಿದ್ದು ನಾನಾ ಬೇಕಂತ? ನೀವ್ ಬಿಡ್ಲಿಲ್ಲ, ನಾನ್ ಹೋಗ್ಲಿಲ್ಲ.”

ಇಂಥ ಮಾತು ವಾರಾಂತ್ಯದಲ್ಲಿ ಯಾವ ಗೇಟಿನಲ್ಲಾದರೂ ಕೇಳಿಬರುತ್ತದೆ. ಹಿಂದಿನ ಕಾರಿನವರು ಹಾರ್ನ್ ಒತ್ತುತ್ತಾರೆ, ಮುಂದಿನವರು ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟು ಹೊರಡುತ್ತಾರೆ. ಮೊತ್ತ ಸಣ್ಣದು, ಹಾಗಾಗಿ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಅದೇ ಗೇಟಿನಲ್ಲಿ ಟೋಕನ್ ಕಳೆದುಕೊಂಡವರಿಂದ ನೂರಾರು ರೂಪಾಯಿ ಕೇಳುತ್ತಾರೆ, ಅಂಗಡಿ ಮುಚ್ಚುವವರೆಗೆ ನಿಲ್ಲಿಸಿದ ಗಾಡಿಯ ಚಕ್ರಕ್ಕೆ ಬೀಗ ಹಾಕುತ್ತಾರೆ, “ಫೈನ್ ಕಟ್ಟಿ ಬಿಡಿಸ್ಕೊಳ್ಳಿ” ಎನ್ನುತ್ತಾರೆ. ಆಗ ಗ್ರಾಹಕರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಫೈನ್ ಹಾಕುವ ಅಧಿಕಾರ ಇವರಿಗೆ ಕೊಟ್ಟವರು ಯಾರು?

ಯಾರೂ ಕೊಟ್ಟಿಲ್ಲ. ದಂಡ ಹಾಕುವ ಅಧಿಕಾರ ಕಾನೂನಿನಿಂದ ಬರಬೇಕು, ಅದು ಪೊಲೀಸರ ಕೈಯಲ್ಲೋ ನ್ಯಾಯಾಲಯದ ಕೈಯಲ್ಲೋ ಅಧಿಕಾರ ಪಡೆದ ಸರ್ಕಾರಿ ಸಂಸ್ಥೆಯ ಕೈಯಲ್ಲೋ ಇರುತ್ತದೆ. ಖಾಸಗಿ ಜಾಗದ ಮಾಲೀಕರು ಕೇಳಬಹುದಾದದ್ದು ಶುಲ್ಕ ಮಾತ್ರ. ಅದೂ ನೀವು ಒಳಗೆ ಬರುವ ಮೊದಲೇ ನಿಮಗೆ ಕಾಣುವಂತೆ ಬರೆದಿಟ್ಟ ಶುಲ್ಕ. ಬೋರ್ಡಿನಲ್ಲಿ ‘ದಂಡ’ ಎಂದು ಬರೆದ ಮಾತ್ರಕ್ಕೆ ಅದು ದಂಡ ಆಗುವುದಿಲ್ಲ, ಅದು ಇಬ್ಬರ ನಡುವಿನ ಒಪ್ಪಂದದ ಒಂದು ಷರತ್ತು. ಷರತ್ತು ನ್ಯಾಯವಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಹಾಗೆಂದು ಸಮಯ ಮಿತಿಯೇ ತಪ್ಪು ಎನ್ನಲಾಗದು. 40 ಕಾರು ನಿಲ್ಲುವ ಒಂದು ಸೂಪರ್‌ಮಾರ್ಕೆಟ್ ತೆಗೆದುಕೊಳ್ಳೋಣ. ದಿನಕ್ಕೆ 10 ಗಂಟೆ ವ್ಯಾಪಾರ ಎಂದರೆ ಕೈಯಲ್ಲಿರುವುದು 400 ಕಾರು-ಗಂಟೆ. ಒಬ್ಬ ಗ್ರಾಹಕರು ಸರಾಸರಿ 50 ನಿಮಿಷ ನಿಲ್ಲಿಸಿದರೆ ಲೆಕ್ಕಕ್ಕೆ 480 ಕಾರು ಬಂದು ಹೋಗಬಹುದು. ಒಂದು ಕಾರು ಹೊರಟು ಇನ್ನೊಂದು ಅದೇ ಜಾಗಕ್ಕೆ ಸೇರುವ ಹೊತ್ತು, ಮಧ್ಯಾಹ್ನದ ಖಾಲಿ ಹೊತ್ತು ಕಳೆದು 85 ಪ್ರತಿಶತ ಹಿಡಿದರೆ ಸುಮಾರು 408. ಈಗ ಪಕ್ಕದ ಕಚೇರಿಯವರು, ಎದುರಿನ ಕೋಚಿಂಗ್ ಸೆಂಟರಿನವರು ಬೆಳಿಗ್ಗೆ ಬಂದು 12 ಕಾರು ನಿಲ್ಲಿಸಿ ಸಂಜೆ ಹೋಗುತ್ತಾರೆ ಅಂದುಕೊಳ್ಳಿ. ಉಳಿದ 28 ಜಾಗದಲ್ಲಿ ಅದೇ ಲೆಕ್ಕ ಹಾಕಿದರೆ ಸಿಗುವುದು 285 ಕಾರು. ಹನ್ನೆರಡು ಜನ ಮಾಡಿದ ಕೆಲಸಕ್ಕೆ ನೂರಿಪ್ಪತ್ತು ಗ್ರಾಹಕರು ಜಾಗವಿಲ್ಲದೆ ರಸ್ತೆಯಲ್ಲಿ ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಅಂಗಡಿಗೆ ಹೋಗುತ್ತಾರೆ. ರಸ್ತೆಯಲ್ಲಿ ನಿಲ್ಲಿಸಿದವರ ಕಾಟ ಆ ಬೀದಿಯ ಮನೆಯವರಿಗೆ.

ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ, ಧನ್ವಂತರಿ ರಸ್ತೆಗಳ ಆಸುಪಾಸಿನಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಅಲ್ಲಿ ಬಟ್ಟೆ ಅಂಗಡಿಗೆ ಬಂದವರಿಗೂ ದೇವರಾಜ ಮಾರುಕಟ್ಟೆಗೆ ಬಂದವರಿಗೂ ಸುಲಭಕ್ಕೆ ಕಾಣುವುದು ಯಾವುದಾದರೂ ದೊಡ್ಡ ಅಂಗಡಿಯ ಪಾರ್ಕಿಂಗ್. ರಸ್ತೆಬದಿಯಲ್ಲಿ ಹಣ ಕೊಟ್ಟು ನಿಲ್ಲಿಸುವ ವ್ಯವಸ್ಥೆಯ ಮಾತು ಅರಸು ರಸ್ತೆಯಲ್ಲಿ ಹಲವು ಸಲ ಎದ್ದು ತಣ್ಣಗಾಗಿದೆ. ಪುರಭವನದ ಆವರಣದ ನೆಲಮಾಳಿಗೆ ಪಾರ್ಕಿಂಗ್ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ರಸ್ತೆಯಲ್ಲಿ ದರವಿಲ್ಲ, ಅಂಗಡಿಯೊಳಗೆ ದರವಿದೆ ಎಂದಾಗ ಜನ ರಸ್ತೆಯಲ್ಲೇ ನಿಲ್ಲಿಸುವುದು ಸಹಜ. ಎರಡನ್ನೂ ಒಟ್ಟಿಗೆ ನೋಡದ ಯಾವ ಯೋಜನೆಯೂ ಇಲ್ಲಿ ನಿಲ್ಲದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಜಾಗದ ಕೊರತೆಗೆ ಇನ್ನೊಂದು ಕಾರಣ ಕಟ್ಟಡದಲ್ಲೇ ಇದೆ. ಕಾರು ನಿಲ್ಲುವ ಚೌಕ ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದ. ಆದರೆ ಓಡಾಡುವ ದಾರಿ, ತಿರುವು, ಕಂಬ, ರ‍್ಯಾಂಪ್ ಎಲ್ಲ ಸೇರಿಸಿ ನಗರ ಯೋಜಕರು ಒಂದು ಕಾರಿಗೆ ಹಿಡಿಯುವ ಲೆಕ್ಕ ಬಯಲಿನಲ್ಲಿ 23 ಚದರ ಮೀಟರ್, ಕಂಬಗಳ ಮೇಲೆ ನಿಂತ ಸ್ಟಿಲ್ಟ್‌ನಲ್ಲಿ 28, ಬೇಸ್‌ಮೆಂಟಿನಲ್ಲಿ 32. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಮನೆಯ ಸೈಟಿನಲ್ಲೇ ಎದ್ದ ಅಂಗಡಿಗಳಿವೆ. 60×40 ಸೈಟು ಎಂದರೆ 2,400 ಚದರಡಿ, ಅಂದರೆ 223 ಚದರ ಮೀಟರ್. ಇಡೀ ಸೈಟಿನಡಿ ಅಗೆದರೂ 32ರ ಲೆಕ್ಕದಲ್ಲಿ ಏಳು ಕಾರಿಗೆ ಮುಗಿಯಿತು. ಸುತ್ತ ಬಿಡಬೇಕಾದ ಜಾಗ ಬಿಟ್ಟರೆ ನಾಲ್ಕೈದು. ಅದರಲ್ಲೂ ಅಕ್ಕಿ ಮೂಟೆ, ನೀರಿನ ಕ್ಯಾನು, ಖಾಲಿ ರಟ್ಟಿನ ಪೆಟ್ಟಿಗೆ ಜೋಡಿಸಿಟ್ಟು ಸೆಲ್ಲಾರನ್ನು ಗೋಡೌನ್ ಮಾಡಿದರೆ ಉಳಿಯುವುದು ಸೊನ್ನೆ. ಒಂದು ಕಾರಿನ ಚೌಕದಲ್ಲಿ ಐದಾರು ಸ್ಕೂಟರ್ ಹಿಡಿಯುತ್ತವೆ ಎಂಬುದನ್ನೂ ಗಮನಿಸಬೇಕು. ಗ್ರಾಹಕರಲ್ಲಿ ದ್ವಿಚಕ್ರದವರೇ ಹೆಚ್ಚಿರುವ ಊರಿನಲ್ಲಿ ಒಳಗಿನ ಒಳ್ಳೆಯ ಜಾಗವನ್ನೆಲ್ಲ ಕಾರಿಗೆ ಗುರುತು ಮಾಡಿ ಸ್ಕೂಟರುಗಳನ್ನು ಫುಟ್‌ಪಾತ್ ಮೇಲೆ ನಿಲ್ಲಿಸಿ ಎನ್ನುವುದು ಅನ್ಯಾಯ.

ಸಮಯ ಮಿತಿ ಕೆಡುವುದು ಗಡಿಯಾರದಲ್ಲಿ. ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ಎಣಿಸುತ್ತಾರೆ ಎಂಬುದನ್ನು ಬಹುಪಾಲು ಬೋರ್ಡುಗಳು ಹೇಳುವುದೇ ಇಲ್ಲ. ಒಳಗೇಟಿನಲ್ಲಿ ಚೀಟಿ ಹರಿದ ಹೊತ್ತಿನಿಂದ ಹೊರಗೇಟಿನಲ್ಲಿ ಸ್ಕ್ಯಾನ್ ಆಗುವ ಹೊತ್ತಿನವರೆಗೆ ಎಣಿಸುವುದು ಮಾಲೀಕರಿಗೆ ಸುಲಭ. ಆದರೆ ಅದರಲ್ಲಿ ಖಾಲಿ ಚೌಕಕ್ಕೆ ಸುತ್ತಿದ ಐದು ನಿಮಿಷ, ಬಿಲ್ಲಿಂಗ್ ಕೌಂಟರಿನ ಸಾಲು, ರ‍್ಯಾಂಪಿನ ಸಾಲು ಎಲ್ಲ ಸೇರಿರುತ್ತವೆ. ಮೇಲಿನ ಉದಾಹರಣೆಯಲ್ಲಿ ಬಿಲ್ಲಿನಿಂದ ಗೇಟಿಗೆ ಹಿಡಿದದ್ದು 27 ನಿಮಿಷ. ಆರು ಕೌಂಟರುಗಳಲ್ಲಿ ಎರಡನ್ನೇ ತೆರೆದಿಟ್ಟ ಅಂಗಡಿಯವರು ಗ್ರಾಹಕರ ಗಡಿಯಾರವನ್ನು ತಾವೇ ಓಡಿಸಿದಂತೆ. ಹೀಗಾಗಿ ಹಣ ಕಟ್ಟಿದ ಮೇಲೆ, ಇಲ್ಲವೇ ಬಿಲ್ಲಿಗೆ ಪಾರ್ಕಿಂಗ್ ಸೀಲು ಹಾಕಿಸಿದ ಮೇಲೆ ಹೊರಡಲು ಕನಿಷ್ಠ 15 ನಿಮಿಷ ಬಿಡುವುದು ನ್ಯಾಯ, ಹಬ್ಬದ ವಾರದಲ್ಲಿ ಅದು 30 ಇರಬೇಕು.

ಇನ್ನು ಗಂಟೆಯ ಸ್ಲ್ಯಾಬು. ಎರಡು ಗಂಟೆ ಮೂರು ನಿಮಿಷಕ್ಕೆ ಮೂರು ಗಂಟೆಯ ದರ ಹಿಡಿಯುವುದು ಎಲ್ಲ ಕಡೆ ನಡೆದುಬಂದದ್ದು. 15 ನಿಮಿಷದ ಸ್ಲ್ಯಾಬು ಇಟ್ಟರೆ ಮಿಷನ್ನಿಗೆ ಏನೂ ಕಷ್ಟವಿಲ್ಲ, ಸಾಫ್ಟ್‌ವೇರಿನಲ್ಲಿ ಒಂದು ಸಂಖ್ಯೆ ಬದಲಾಯಿಸಬೇಕು ಅಷ್ಟೇ. ಮಲ್ಟಿಪ್ಲೆಕ್ಸ್ ಇರುವ ಕಡೆ ಎರಡು ಗಂಟೆಯ ಮೊದಲ ಸ್ಲ್ಯಾಬು ಇಡುವುದಂತೂ ಒಪ್ಪತಕ್ಕದ್ದಲ್ಲ. ನಮ್ಮ ಸಿನಿಮಾ ಇಂಟರ್ವಲ್ ಸೇರಿ ಎರಡೂವರೆ ಗಂಟೆ. ಟಿಕೆಟ್ ಕೊಂಡವರೆಲ್ಲ ಮಿತಿ ಮೀರುತ್ತಾರೆ ಎಂದು ಗೊತ್ತಿದ್ದೇ ಇಟ್ಟ ಮಿತಿ ಅದು. ಒಳಗೇಟಿನ ಪ್ರಿಂಟರು ಮತ್ತು ಹೊರಗೇಟಿನ ಕಂಪ್ಯೂಟರಿನ ಸಮಯ ಬೇರೆ ಬೇರೆ ಇರುವುದೂ ಉಂಟು, ಕರೆಂಟು ಹೋಗಿ ಬಂದ ಮೇಲೆ ಹಳೆಯ ಪ್ರಿಂಟರುಗಳು ಹಿಂದೆ ಮುಂದೆ ಆಗುತ್ತವೆ. ಚೀಟಿ ಕೈಗೆ ಬಂದ ಕೂಡಲೇ ಅದರ ಸಮಯವನ್ನು ನಿಮ್ಮ ಮೊಬೈಲಿನ ಸಮಯದ ಜೊತೆ ನೋಡಿ. ವ್ಯತ್ಯಾಸವಿದ್ದರೆ ಅಲ್ಲೇ ಹೇಳಿ, ಹೊರಡುವಾಗ ಹೇಳಿದರೆ ಯಾರೂ ಕೇಳುವುದಿಲ್ಲ.

ಟೋಕನ್ ಕಳೆದುಹೋದರೆ? ಮಾಲೀಕರ ನಿಜವಾದ ಆತಂಕ ಎರಡು: ಗಾಡಿ ನಿಮ್ಮದೇ ಹೌದೇ, ಮತ್ತು ಎಷ್ಟು ಹೊತ್ತು ನಿಂತಿತ್ತು. ಮೊದಲನೆಯದಕ್ಕೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಆರ್‌.ಸಿ. ತೋರಿಸಿದರೆ ಸಾಕು. ಎರಡನೆಯದಕ್ಕೆ ಒಳಗೇಟಿನ ಕ್ಯಾಮೆರಾ ಇದೆ. ಕ್ಯಾಮೆರಾ ಇಲ್ಲದ ಕಡೆ ಹೆಚ್ಚೆಂದರೆ ಅಂದು ಬಾಗಿಲು ತೆರೆದ ಹೊತ್ತಿನಿಂದ ನಿಂತಿತ್ತು ಎಂದು ಹಿಡಿಯಬಹುದು. ಗಂಟೆಗೆ 10 ರೂಪಾಯಿಯ ಸ್ಕೂಟರ್ ಸ್ಟ್ಯಾಂಡಿನಲ್ಲಿ 12 ಗಂಟೆಗೆ ಆಗುವುದು 120 ರೂಪಾಯಿ. ಅಲ್ಲಿ ಕಳೆದ ಟೋಕನ್ನಿಗೆ 300 ಕೇಳಿದರೆ ಆ 180ಕ್ಕೆ ಅವರಿಗಾದ ನಷ್ಟ ಯಾವುದು ಎಂದು ಕೇಳಬೇಕು.

ಈ ಪ್ರಶ್ನೆಗೆ ಕಾನೂನಿನ ಬೆಂಬಲವಿದೆ. 1872ರ ಭಾರತೀಯ ಕರಾರು ಅಧಿನಿಯಮದ ಕಲಂ 74ರಂತೆ, ಕರಾರಿನಲ್ಲಿ ಒಂದು ಮೊತ್ತವನ್ನು ಮೊದಲೇ ಬರೆದಿದ್ದರೂ ಷರತ್ತು ಮುರಿದವರಿಂದ ಸಿಗುವುದು ಆ ಮೊತ್ತವನ್ನು ಮೀರದ ‘ಸಮಂಜಸ ಪರಿಹಾರ’ ಮಾತ್ರ. ಬರೆದದ್ದು ಮೇಲ್ಮಿತಿ, ಅಷ್ಟೂ ತಾನಾಗಿ ಸಿಗಬೇಕೆಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಇನ್ನೂ ನೇರವಾಗಿದೆ. ಆದ ನಷ್ಟಕ್ಕೆ ಸ್ವಲ್ಪವೂ ಹೊಂದದಂಥ ದಂಡವನ್ನು ಗ್ರಾಹಕರ ಮೇಲೆ ಹೇರುವ ಕರಾರನ್ನು ಕಲಂ 2(46) ‘ಅನ್ಯಾಯದ ಕರಾರು’ ಎಂದು ಹೆಸರಿಸಿಯೇ ಹೇಳುತ್ತದೆ. ಹಣ ಪಡೆದು ರಸೀದಿ ಕೊಡದಿರುವುದನ್ನು ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ.

ಚಕ್ರಕ್ಕೆ ಬೀಗ ಹಾಕುವ ವಿಷಯ ಇನ್ನೂ ಗಂಭೀರ. 1988ರ ಮೋಟಾರು ವಾಹನ ಅಧಿನಿಯಮದ ಕಲಂ 127 ವೀಲ್ ಲಾಕ್ ಮತ್ತು ಟೋಯಿಂಗ್ ಬಗ್ಗೆ ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಬಿಟ್ಟುಹೋದ ಗಾಡಿಗೆ, ಇಲ್ಲವೇ ನಿಲುಗಡೆ ನಿಷೇಧವಿರುವ ಕಡೆ ನಿಲ್ಲಿಸಿದ ಗಾಡಿಗೆ ಅದು ಅನ್ವಯ. ಅಪ್ಪಣೆ ಕೊಡಬೇಕಾದವರು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಖಾಕಿ ಬಣ್ಣವನ್ನೇ ಹೋಲುವ ಅಂಗಿ ತೊಟ್ಟ ಸೆಕ್ಯುರಿಟಿಯವರಿಗೆ ಈ ಕಲಮಿನಲ್ಲಿ ಜಾಗವಿಲ್ಲ. ಬಾಕಿ ಶುಲ್ಕವಿದೆ ಎಂದು ನಿಮ್ಮನ್ನೇ ಹೊರಹೋಗದಂತೆ ಅಡ್ಡಗಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 126ರಡಿ ಅಕ್ರಮ ತಡೆಯ ದೂರು ಕೊಡಬಹುದು. ಅದಕ್ಕೆ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ. ಆದರೆ ಬೀಗವನ್ನು ನೀವೇ ಒಡೆಯಲು ಹೋಗಬೇಡಿ. ಒಡೆದರೆ ಅವರ ಸ್ವತ್ತಿಗೆ ಹಾನಿ ಮಾಡಿದ ಆರೋಪ ನಿಮ್ಮ ತಲೆಗೆ ಬರುತ್ತದೆ, ಅಲ್ಲಿಯವರೆಗೆ ನಿಮ್ಮ ಕಡೆಗಿದ್ದ ನ್ಯಾಯ ಕೈ ತಪ್ಪುತ್ತದೆ.

ಅಷ್ಟಕ್ಕೂ ಮಾಲ್‌ಗಳು ಪಾರ್ಕಿಂಗಿಗೆ ಹಣ ಕೇಳಬಹುದೇ? ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಉತ್ತರ ಬಂದಿದೆ. ಗುಜರಾತ್ ಹೈಕೋರ್ಟಿನ ವಿಭಾಗೀಯ ಪೀಠ 2019ರ ಜುಲೈನಲ್ಲಿ ಮಾಲ್, ಮಲ್ಟಿಪ್ಲೆಕ್ಸುಗಳು ಪಾರ್ಕಿಂಗ್ ಶುಲ್ಕ ವಸೂಲು ಮಾಡುವಂತಿಲ್ಲ ಎಂದಿತು. ಕಟ್ಟಡದ ಅನುಮತಿ ಪಡೆಯುವಾಗ ಪಾರ್ಕಿಂಗ್ ಜಾಗ ಬಿಡುವುದು ಕಡ್ಡಾಯ ಷರತ್ತು, ಕಡ್ಡಾಯವಾಗಿ ಬಿಟ್ಟದ್ದನ್ನೇ ಮಾರುವುದು ಹೇಗೆ ಎಂಬ ವಾದ ಅದರ ಹಿಂದಿದೆ. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠವೂ 2022ರ ಜನವರಿಯಲ್ಲಿ ಮೇಲ್ನೋಟಕ್ಕೆ ಅದೇ ಧಾಟಿಯಲ್ಲಿ ಮಾತಾಡಿತ್ತು, ಆದರೆ 2025ರಲ್ಲಿ ಅದೇ ಹೈಕೋರ್ಟು ನಗರಸಭೆಯ ಪರವಾನಗಿ ಪಡೆದ ಮಾಲ್ ಶುಲ್ಕ ಪಡೆಯುವುದನ್ನು ಎತ್ತಿಹಿಡಿಯಿತು. ತೆಲಂಗಾಣ ಸರ್ಕಾರ ಕೋರ್ಟಿನ ತೀರ್ಪಿಗಾಗಿ ಕಾಯದೆ 2018ರ ಮಾರ್ಚಿನಲ್ಲಿ ಆದೇಶವನ್ನೇ ಹೊರಡಿಸಿತು. ಮೊದಲ 30 ನಿಮಿಷ ಎಲ್ಲರಿಗೂ ಉಚಿತ. 30 ನಿಮಿಷದಿಂದ ಒಂದು ಗಂಟೆವರೆಗೆ ಏನಾದರೂ ಕೊಂಡ ಬಿಲ್ಲು ತೋರಿಸಿದರೆ ಉಚಿತ. ಒಂದು ಗಂಟೆ ಮೀರಿದರೆ ಬಿಲ್ಲಿನ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿದ್ದರೆ ಉಚಿತ.

ನಮ್ಮ ದೃಷ್ಟಿಯಲ್ಲಿ ಮೈಸೂರು, ಮಂಡ್ಯಕ್ಕೆ ಸರಿಹೊಂದುವುದು ಈ ತೆಲಂಗಾಣದ ದಾರಿ. ಪೂರ್ತಿ ಉಚಿತ ಮಾಡಿದರೆ ಪಕ್ಕದ ಕಚೇರಿಯವರ 12 ಕಾರು ಮತ್ತೆ ಬಂದು ಕೂರುತ್ತವೆ. ಮಾಲೀಕರ ಇಷ್ಟಕ್ಕೆ ಬಿಟ್ಟರೆ ಪಾರ್ಕಿಂಗೇ ಒಂದು ವ್ಯಾಪಾರವಾಗುತ್ತದೆ. ಬಿಲ್ಲು ಇದ್ದವರಿಗೆ ಉಚಿತ, ಇಲ್ಲದವರಿಗೆ ದರ ಎಂಬ ಸೂತ್ರ ಗ್ರಾಹಕರನ್ನು ಉಳಿಸಿ ದಿನವಿಡೀ ನಿಲ್ಲಿಸುವವರನ್ನು ಮಾತ್ರ ತಡೆಯುತ್ತದೆ.

ಅಂಗಡಿಯವರು ಎಷ್ಟು ಜಾಗ ಬಿಡುತ್ತೇವೆಂದು ಒಪ್ಪಿದ್ದರು ಎಂಬುದು ಗುಟ್ಟೇನಲ್ಲ. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಚೌಕಗಳನ್ನು ಗುರುತಿಸಿರುತ್ತಾರೆ. ಮೈಸೂರಿನಲ್ಲಿ ಮಹಾನಗರ ಪಾಲಿಕೆಗೆ, ಮಂಡ್ಯದಲ್ಲಿ ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಕ್ಷೆಯ ಪ್ರತಿ ಕೇಳಬಹುದು. ನಕ್ಷೆಗೆ ಮಂಜೂರಾತಿ ಕೊಟ್ಟದ್ದು ಬೇರೆ ಪ್ರಾಧಿಕಾರವಾದರೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹಾಗಾಗಿ ‘ಇಂಥ ರಸ್ತೆಯ ಇಂಥ ಸಂಖ್ಯೆಯ ಕಟ್ಟಡದ ಮಂಜೂರಾದ ನಕ್ಷೆಯಲ್ಲಿ ತೋರಿಸಿದ ವಾಹನ ನಿಲುಗಡೆ ಜಾಗದ ವಿವರ ಮತ್ತು ನಕ್ಷೆಯ ಪ್ರತಿ’ ಎಂದು ಕೇಳಿ, ನಿಲ್ಲಿಸಿ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂಬ ಪ್ರಶ್ನೆ ಸೇರಿಸಿದರೆ ಅರ್ಜಿ ವಾಪಸ್ ಬರುವ ಸಂಭವವೇ ಹೆಚ್ಚು, ಏಕೆಂದರೆ ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. ನಕ್ಷೆಯಲ್ಲಿ ಪಾರ್ಕಿಂಗ್, ನೆಲದಲ್ಲಿ ಗೋಡೌನ್ ಎಂದು ಕಂಡರೆ ಫೋಟೊ ಸಮೇತ ಪಾಲಿಕೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಗೇಟು ದಾಟಿ ರಸ್ತೆಗೆ ಬಂದರೆ ನಿಯಮವೇ ಬೇರೆ. ಇಲ್ಲಿ ದಂಡ ನಿಜವಾದ ದಂಡ. ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ವಿಪರೀತ ಅನಾನುಕೂಲ ಆಗುವಂತೆ ಗಾಡಿ ಬಿಡುವುದನ್ನು ಮೋಟಾರು ವಾಹನ ಅಧಿನಿಯಮದ ಕಲಂ 122 ನಿಷೇಧಿಸುತ್ತದೆ. ಕಲಂ 177ರಡಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500ರವರೆಗೆ ದಂಡವಿದೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ದರವನ್ನು ಕಲಂ 200ರಂತೆ ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡುತ್ತದೆ. ಟೋಯಿಂಗ್ ವೆಚ್ಚ ಇದಕ್ಕೆ ಪ್ರತ್ಯೇಕ. 2017ರ ಚಾಲನಾ ನಿಯಮಾವಳಿ ಎಲ್ಲೆಲ್ಲಿ ನಿಲ್ಲಿಸಬಾರದು ಎಂದು ಪಟ್ಟಿ ಮಾಡಿದೆ. ಫುಟ್‌ಪಾತ್, ಜೀಬ್ರಾ ಕ್ರಾಸಿಂಗ್, ಬಸ್ ನಿಲ್ದಾಣದ ಬಳಿ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು, ಬೇರೆಯವರ ಗೇಟಿನ ಮುಂದೆ, ನಿಂತ ಗಾಡಿಯ ಪಕ್ಕಕ್ಕೆ ಇನ್ನೊಂದು ಸಾಲಾಗಿ, ಮತ್ತು ಜಂಕ್ಷನ್ನಿನ ಅಂಚಿನಿಂದ 50 ಮೀಟರಿನೊಳಗೆ. ಈ ಕೊನೆಯದನ್ನು ಪಾಲಿಸುವವರು ಬಹಳ ಕಡಿಮೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಅಡ್ಡರಸ್ತೆಗಳು ಹತ್ತಿರ ಹತ್ತಿರ, ಮೂಲೆ ಸೈಟಿನ ಅಂಗಡಿ ಮುಂದೆ ನಿಲ್ಲಿಸಿದರೆ ಬಹುತೇಕ ಯಾವಾಗಲೂ ಆ 50 ಮೀಟರಿನೊಳಗೇ ಇರುತ್ತೀರಿ.

“ಇಲ್ಲೇ ಹಾಕ್ಬಿಡಿ ಸಾರ್, ಐದ್ ನಿಮ್ಷ ತಾನೆ, ನಾನ್ ನೋಡ್ಕೊತೀನಿ” ಎಂದು ಅಂಗಡಿಯ ಸೆಕ್ಯುರಿಟಿಯವರು ರಸ್ತೆಯಲ್ಲಿ ಜಾಗ ತೋರಿಸುತ್ತಾರಲ್ಲ, ಅದಕ್ಕೆ ಕಾನೂನಿನ ಬೆಲೆ ಏನೇನೂ ಇಲ್ಲ. ಚಲನ್ ಬರುವುದು ಗಾಡಿಯ ಮಾಲೀಕರ ಹೆಸರಿಗೆ. ಮಂಡ್ಯದ ವಿ.ವಿ. ರಸ್ತೆ, ಆರ್‌.ಪಿ. ರಸ್ತೆಗಳಲ್ಲಿ ಅಂಗಡಿಗಳು ರಸ್ತೆಗೇ ಬಾಯಿ ತೆರೆದಿವೆ, ಒಳಗೆ ಆವರಣವೇ ಇಲ್ಲದವು ಬಹಳ. ಅಲ್ಲಿ ಅಂಗಡಿಯವರು ಫುಟ್‌ಪಾತಿಗೆ ಸರಪಳಿ ಕಟ್ಟಿ ‘ಗ್ರಾಹಕರಿಗೆ ಮಾತ್ರ’ ಎಂದು ಬೋರ್ಡು ತೂಗುಹಾಕಿದರೂ ಆ ಜಾಗ ಅವರದಾಗುವುದಿಲ್ಲ. ರಸ್ತೆಬದಿಯಲ್ಲಿ ಹಣ ಕೇಳುವವರು ಸ್ಥಳೀಯ ಸಂಸ್ಥೆಯ ಗುತ್ತಿಗೆದಾರರಾಗಿರಬೇಕು, ಮುದ್ರಿತ ರಸೀದಿ ಕೊಡಬೇಕು. ಫೋನ್‌ಪೇ ಕ್ಯೂಆರ್ ತೋರಿಸಿದರೆ ಹಣ ಕಳಿಸುವ ಮೊದಲು ಪರದೆಯಲ್ಲಿ ಬರುವ ಹೆಸರು ನೋಡಿ. ಅಲ್ಲಿ ಸಂಸ್ಥೆಯ ಬದಲು ಒಬ್ಬ ವ್ಯಕ್ತಿಯ ಹೆಸರಿದ್ದರೆ ರಸೀದಿ ಕೇಳದೆ ಕಳಿಸಬೇಡಿ. ಬೇಸ್‌ಮೆಂಟಿನಲ್ಲೂ ಇದೇ ಎಚ್ಚರಿಕೆ.

ಚಲನ್ ಬಂದಿದೆಯೇ ಎಂದು ನೋಡಬೇಕಾದದ್ದು ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ, ಗಾಡಿ ನಂಬರ್ ಹಾಕಿ. ವಾಟ್ಸಾಪಿನಲ್ಲಿ ‘ಆರ್‌ಟಿಒ ಚಲನ್’ ಎಂದು ಬರುವ, ಫೋನಿಗೆ ಆ್ಯಪ್ ಹಾಕುವ ಎಪಿಕೆ ಕಡತವನ್ನು ಮುಟ್ಟಲೇಬೇಡಿ. ಅದನ್ನು ಹಾಕಿಕೊಂಡರೆ ಫೋನಿನ ಎಸ್‌ಎಂಎಸ್, ಓಟಿಪಿ ಎಲ್ಲ ಕಳ್ಳರ ಕೈಗೆ ಹೋಗುತ್ತವೆ. ಹಣ ಹೋದದ್ದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಬೇರೆ ಖಾತೆಗಳಿಗೆ ಹಂಚಿಹೋಗುತ್ತದೆ. ಹಳೆಯ ಚಲನ್‌ಗಳಿಗೆ ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಿತ್ತು, 2025ರ ಆಗಸ್ಟ್–ಸೆಪ್ಟೆಂಬರಿನಲ್ಲೂ ಕೊಟ್ಟಿತು. ರಿಯಾಯಿತಿ ಬಂದಾಗ ಕಟ್ಟೋಣ ಎಂದು ಕಾಯುವ ಅಭ್ಯಾಸ ಅದರಿಂದ ಬೆಳೆದಿದೆ. ಸಕಾಲಕ್ಕೆ ಕಟ್ಟಿದವರಿಗೆ ಇದು ಅನ್ಯಾಯ.

‘ವಾಹನಗಳನ್ನು ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ ನಿಲ್ಲಿಸತಕ್ಕದ್ದು’ ಎಂಬ ಸಾಲು ಎಲ್ಲ ಟೋಕನ್ನುಗಳ ಹಿಂದೆಯೂ ಇರುತ್ತದೆ. ಇದಕ್ಕೆ ಮಿತಿಯಿದೆ. ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವ್ಯಾಲೆ ಪಾರ್ಕಿಂಗಿಗೆ, ಅಂದರೆ ಸಿಬ್ಬಂದಿಯೇ ಕೀಲಿ ಪಡೆದು ನಿಲ್ಲಿಸುವ ವ್ಯವಸ್ಥೆಗೆ, ಕೊಟ್ಟ ಮಾರುತಿ ಝೆನ್ ಕಾರು 1998ರಲ್ಲಿ ಕಳುವಾಗಿತ್ತು. ಕೀಲಿ ಪಡೆದು ಗಾಡಿಯನ್ನು ತನ್ನ ವಶಕ್ಕೆ ತೆಗೆದುಕೊಂಡವರು ತಮ್ಮ ನಿರ್ಲಕ್ಷ್ಯದ ಹೊಣೆಯನ್ನು ಟೋಕನ್ನಿನ ಒಂದು ಸಾಲಿನಿಂದ ಕಳಚಿಕೊಳ್ಳುವಂತಿಲ್ಲ ಎಂದಿತು. ಇಲ್ಲಿ ಮುಖ್ಯವಾದದ್ದು ‘ವಶ’. ಕೀಲಿ ಕೊಟ್ಟಿದ್ದರೆ ನಿಮ್ಮ ವಾದ ಬಲವಾಗಿರುತ್ತದೆ. ನೀವೇ ನಿಲ್ಲಿಸಿ, ನೀವೇ ಬೀಗ ಹಾಕಿ ಹೋಗಿದ್ದರೆ ಗೇಟಿನಲ್ಲಿ ಟೋಕನ್ ಪರಿಶೀಲಿಸಿ ಬಿಡುವ ವ್ಯವಸ್ಥೆ ಇತ್ತೇ, ಶುಲ್ಕ ಪಡೆದಿದ್ದರೇ ಎಂಬುದರ ಮೇಲೆ ನಿಲ್ಲುತ್ತದೆ. ಗಾಡಿಗೆ ಗೀರು ಬಿದ್ದದ್ದು ಕಂಡರೆ ಅಲ್ಲಿಂದ ಕದಲಿಸುವ ಮೊದಲೇ ಕಂಬದ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಆ ದಿನದ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅಂದೇ ಇಮೇಲ್ ಕಳಿಸಿ, ಏಕೆಂದರೆ ಹಳೆಯದರ ಮೇಲೆ ಹೊಸ ದೃಶ್ಯ ತಾನಾಗಿ ದಾಖಲಾಗುತ್ತಾ ಹೋಗುತ್ತದೆ.

ಬ್ರಿಟನ್ನಿನಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋಗಿ ಅಲ್ಲಿ ಗಾಡಿ ಓಡಿಸುವವರು ಮೈಸೂರಿನಲ್ಲಿ ಕಡಿಮೆಯಿಲ್ಲ. ಅಲ್ಲಿ ಸೂಪರ್‌ಮಾರ್ಕೆಟ್ ಪಾರ್ಕಿಂಗಿನ ಎರಡು ಗಂಟೆಯ ಮಿತಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎರಡು ಗಂಟೆ ಉಚಿತವಿದ್ದ ಶಾಪಿಂಗ್ ಆವರಣದಲ್ಲಿ 56 ನಿಮಿಷ ಹೆಚ್ಚು ನಿಲ್ಲಿಸಿದ್ದಕ್ಕೆ ಹಾಕಿದ 85 ಪೌಂಡ್ ಮೊತ್ತವನ್ನು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು. ಜಾಗ ಬೇಗ ಬೇಗ ಖಾಲಿಯಾಗುವುದರಲ್ಲಿ ಮಾಲೀಕರಿಗೆ ನ್ಯಾಯವಾದ ಹಿತಾಸಕ್ತಿ ಇದೆ, ಬೋರ್ಡುಗಳು ದೊಡ್ಡದಾಗಿ ಎಲ್ಲರಿಗೂ ಕಾಣುವಂತೆ ಇದ್ದವು ಎಂಬುದು ಕಾರಣ. ಆದರೆ ಅದೇ ದೇಶ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಅಕ್ಟೋಬರಿನಿಂದ ನಿಷೇಧಿಸಿದೆ. ಮಿತಿ ಮುಗಿದ ಮೇಲೆ 10 ನಿಮಿಷದ ವಿನಾಯಿತಿ ಅಲ್ಲಿನ ಪಾರ್ಕಿಂಗ್ ಉದ್ಯಮದ ಸಂಹಿತೆಯಲ್ಲೇ ಇದೆ. ನಮ್ಮಲ್ಲಿ ಆ ತೀರ್ಪಿನ ಮೊದಲರ್ಧವನ್ನು ಮಾತ್ರ ಹಿಡಿದು, ಬೋರ್ಡು ಮತ್ತು ವಿನಾಯಿತಿಯನ್ನು ಬಿಟ್ಟರೆ ಅದು ವ್ಯವಸ್ಥೆಯಲ್ಲ, ಸುಲಿಗೆ.

ಬೋರ್ಡು ಹೇಗಿರಬೇಕು? ಒಳಗೇಟಿನ ಮೊದಲು, ಗಾಡಿ ವಾಪಸ್ ತಿರುಗಿಸಲು ಇನ್ನೂ ಜಾಗವಿರುವ ಕಡೆ ಇರಬೇಕು. ರ‍್ಯಾಂಪಿನ ಅರ್ಧದಲ್ಲಿ ನೇತುಹಾಕಿದ ಬೋರ್ಡು ಓದಿ ಹಿಂದೆ ಹೋಗಲು ಯಾರಿಂದಲೂ ಆಗದು. ಕನ್ನಡದಲ್ಲಿರಬೇಕು. ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ 60 ಪ್ರತಿಶತ ಕನ್ನಡ ಕಡ್ಡಾಯ ಎಂಬ ಕಾನೂನು ತಿದ್ದುಪಡಿ 2024ರಲ್ಲೇ ಬಂದಿದೆ. ಅಂಗಡಿಯ ಹೆಸರನ್ನು ಕನ್ನಡದಲ್ಲಿ ಬರೆಸಿ ಹಣ ಕೀಳುವ ಷರತ್ತನ್ನು ಮಾತ್ರ ಸಣ್ಣ ಇಂಗ್ಲಿಷಿನಲ್ಲಿ ಬರೆಸುವುದು ಆ ಕಾನೂನಿನ ಆಶಯಕ್ಕೆ ವಿರುದ್ಧ. ಬರೆಯಬೇಕಾದದ್ದು ಹೆಚ್ಚೇನಿಲ್ಲ: ‘ಮೊದಲ 30 ನಿಮಿಷ ಉಚಿತ. ಬಿಲ್ಲು ಇದ್ದರೆ 2 ಗಂಟೆ ಉಚಿತ. ನಂತರ ಪ್ರತಿ 15 ನಿಮಿಷಕ್ಕೆ ಇಷ್ಟು. ಬಿಲ್ಲಿಗೆ ಸೀಲು ಹಾಕಿಸಿದ ಮೇಲೆ ಹೊರಡಲು 15 ನಿಮಿಷ. ಟೋಕನ್ ಕಳೆದರೆ ಆರ್‌.ಸಿ. ತೋರಿಸಿ, ಹೆಚ್ಚೆಂದರೆ ಒಂದು ದಿನದ ದರ. ದೂರಿಗೆ ಈ ಸಂಖ್ಯೆ.’ ದರ ಜಿಎಸ್‌ಟಿ ಸೇರಿಯೋ ಸೇರದೆಯೋ ಎಂಬುದನ್ನೂ ಬರೆಯಬೇಕು, ಪಾರ್ಕಿಂಗ್ ಸೇವೆಗೆ 18 ಪ್ರತಿಶತ ತೆರಿಗೆಯಿದೆ.

ಊರುಗೋಲು ಹಿಡಿದವರು, ಗಾಲಿಕುರ್ಚಿಯವರು, ಎಂಬತ್ತರ ಅಜ್ಜಿಯನ್ನು ಕರೆತಂದವರು ಎರಡು ಗಂಟೆಯಲ್ಲಿ ದಿನಸಿ ಮುಗಿಸಲಿ ಎನ್ನುವುದು ಕ್ರೂರ. ಅವರಿಗೆ ಸಮಯ ಮಿತಿಯೇ ಇರಬಾರದು. ಕಟ್ಟಡಗಳ ಸುಗಮ್ಯತೆಗೆ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಬಾಗಿಲಿನಿಂದ 30 ಮೀಟರಿನೊಳಗೆ ಕನಿಷ್ಠ ಎರಡು ಚೌಕ, 3.6 ಮೀಟರ್ ಅಗಲದವು ಬೇಕು. ಆ ಹೆಚ್ಚುವರಿ ಅಗಲ ಗಾಲಿಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ತರಲು. ನೀಲಿ ಬಣ್ಣ ಬಳಿದು ಮಾಮೂಲಿ ಅಗಲದಲ್ಲೇ ಬಿಟ್ಟರೆ ಕಾರಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ, ಕುರ್ಚಿ ಒಳಗೆ ಬರುವುದಿಲ್ಲ.

ಹಣ ಹೆಚ್ಚು ಕಿತ್ತರೆಂದು ಅನಿಸಿದಾಗ ಗೇಟಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಅಲ್ಲಿ ನಿಂತವರು ಏಜೆನ್ಸಿಯ ಸಂಬಳಕ್ಕೆ ದುಡಿಯುವವರು, ದರ ಬರೆದವರು ಮೇಲಿನ ಮಹಡಿಯ ಕಚೇರಿಯಲ್ಲಿದ್ದಾರೆ. ಹಣ ಕಟ್ಟಿ, ರಸೀದಿ ಪಡೆದು, ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಅದರ ಮೇಲೆ ಬರೆದು ಫೋಟೊ ತೆಗೆಯಿರಿ. ಅದೇ ದಿನ ಮಾಲೀಕರಿಗೆ ಇಮೇಲ್ ಮಾಡಿ 15 ದಿನದೊಳಗೆ ಹಣ ಹಿಂತಿರುಗಿಸಲು ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಇ-ಜಾಗೃತಿ ತಾಣದ ಮೂಲಕ ದೂರು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ. ಮಂಡ್ಯದಲ್ಲಿ ವಾಸವಿದ್ದು ಮೈಸೂರಿನ ಮಾಲ್‌ನಲ್ಲಿ ತೊಂದರೆಯಾದರೂ ಮಂಡ್ಯದ ಆಯೋಗದಲ್ಲೇ ದೂರು ಕೊಡಬಹುದು. ಇಲ್ಲಿ ಹಲವರು ಎಡವುವುದು ಒಂದು ಕಡೆ: ‘ಈ ಷರತ್ತೇ ಅನ್ಯಾಯದ ಕರಾರು, ರದ್ದು ಮಾಡಿ’ ಎಂದು ಕೇಳಬೇಕಾದದ್ದು ಬೆಂಗಳೂರಿನ ರಾಜ್ಯ ಆಯೋಗದಲ್ಲಿ, ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ. ಜಿಲ್ಲೆಯಲ್ಲಿ ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಬರೆಯಬೇಕು.

ದೂರಿಗೆ ಎರಡು ವರ್ಷ ಕಾಲಾವಕಾಶವಿದೆ, ಆದರೆ ಚೀಟಿಗೆ ಅಷ್ಟು ಆಯುಸ್ಸಿಲ್ಲ. ಪಾರ್ಕಿಂಗ್ ಚೀಟಿ, ದಿನಸಿ ಬಿಲ್ಲು ಎರಡೂ ಸಾಮಾನ್ಯವಾಗಿ ಥರ್ಮಲ್ ಕಾಗದದವು, ಅಕ್ಷರ ಮೂಡುವುದು ಶಾಖದಿಂದ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಕಾಗದವೇ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲೋ ಪರ್ಸಿನಲ್ಲೋ ಇಟ್ಟರೆ ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಗೇಟು ದಾಟಿ ಪಕ್ಕಕ್ಕೆ ನಿಲ್ಲಿಸಿದ ಕೂಡಲೇ ಚೀಟಿ, ಬಿಲ್ಲು, ದರದ ಬೋರ್ಡು ಮೂರನ್ನೂ ಫೋಟೊ ತೆಗೆದಿಟ್ಟುಕೊಳ್ಳಿ.